ಹಂತಕನ ಮುಖ ತೋರಿಸದ ಸಿನೆಮಾ

ಜಪಾನಿನ ಸಿನೆಮಾ ಎಂದರೆ ನಮ್ಮ ಫಿಲಂ ಸೊಸೈಟಿಗಳ ಮಟ್ಟಿಗೆ ಕುರೊಸಾವಾ, ಓಝು, ಮಿಝೋಗುಚಿ. ಸ್ವಲ್ಪ ಹೆಚ್ಚು ನೋಡಿದವರು ನಗೀಸಾ ಓಶಿಮಾನ ಹೆಸರನ್ನೂ ಸೇರಿಸುತ್ತಾರೆ. ಮಸಾವೋ ಅದಾಚಿ ಎಂಬ ಹೆಸರು ಈ ಪಟ್ಟಿಯಲ್ಲಿ ಇರುವುದಿಲ್ಲ. ಎಲ್ಲಾದರೂ ಕೇಳಿಬಂದರೂ ಅದು ಸಿನೆಮಾದ ದಾರಿಯಲ್ಲಿ ಬಂದಿರುವುದಿಲ್ಲ, ಪೊಲೀಸ್ ಕಡತದ ದಾರಿಯಲ್ಲಿ ಬಂದಿರುತ್ತದೆ. ಕ್ಯಾಮರಾ ಬಿಟ್ಟು ಲೆಬನಾನಿಗೆ ಹೋದವನು, ಜಪಾನಿನ ಕೆಂಪು ಸೇನೆಯನ್ನು ಸೇರಿದವನು, ಇಪ್ಪತ್ತಾರು ವರ್ಷ ಊರಿಗೆ ಮರಳದವನು. ಇಷ್ಟು ಗೊತ್ತಾದರೆ ಸಾಕು, ಆತನ ಸಿನೆಮಾ ನೋಡುವ ಅಗತ್ಯ ಯಾರಿಗೂ ಕಾಣುವುದಿಲ್ಲ.

ಒಂದು ಪಂಗಡ ಆತನನ್ನು ಭಯೋತ್ಪಾದಕನೆಂದು ತಳ್ಳಿಹಾಕುತ್ತದೆ. ಇನ್ನೊಂದು ಪಂಗಡ ‘ಕಲ್ಟ್’ ನಿರ್ದೇಶಕನೆಂದು ತಲೆಯ ಮೇಲೆ ಹೊತ್ತು ತಿರುಗುತ್ತದೆ. ಮೂರನೆಯದೊಂದು ಪಂಗಡವೂ ಇದೆ. ಫೆಲೆಸ್ತೀನಿನ ಪರ ನಿಂತವನು, ಆದ್ದರಿಂದ ನಮ್ಮವನು ಎಂದು ಅದು ಬೆನ್ನು ತಟ್ಟುತ್ತದೆ. ಈ ಮೂವರೂ ಮಾಡುತ್ತಿರುವುದು ಒಂದೇ ಕೆಲಸ. ಅವರು ಅದಾಚಿಯ ಮುಖ ನೋಡುತ್ತಾರೆ, ಅದಾಚಿ ತೋರಿಸಿದ್ದನ್ನು ನೋಡುವುದಿಲ್ಲ. ಮನುಷ್ಯನ ಮುಖಕ್ಕೆ ಹಣೆಪಟ್ಟಿ ಹಚ್ಚುವುದನ್ನು ನಿಲ್ಲಿಸಿ, ಆತ ನಿಂತ ನೆಲವನ್ನು ನೋಡಿ ಎಂದು ಹೇಳಲು ಇಡೀ ಒಂದು ಸಿನೆಮಾ ಮಾಡಿದವನ ಪಾಡು ಇದು!

ಆ ಸಿನೆಮಾಕ್ಕೆ ಬರುವ ಮುಂಚೆ ಮನುಷ್ಯನ ಪರಿಚಯ ಆಗಲಿ. ಅದಾಚಿ ಹುಟ್ಟಿದ್ದು 1939ರಲ್ಲಿ, ಫುಕುವೋಕಾ ಪ್ರಾಂತ್ಯದ ಕಿಟಾಕ್ಯೂಶೂ ಪ್ರದೇಶದಲ್ಲಿ. ನಿಹೋನ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಲ್ಲಿನ ವಿದ್ಯಾರ್ಥಿಗಳ ಸಿನೆಮಾ ಬಳಗದಲ್ಲಿ ಬೆಳೆದ. ಅಮೆರಿಕದೊಂದಿಗಿನ ಭದ್ರತಾ ಒಪ್ಪಂದದ ವಿರುದ್ಧ 1960ರಲ್ಲಿ ಲಕ್ಷಾಂತರ ಜನ ಟೋಕಿಯೋದ ಬೀದಿಗಿಳಿದರು. ಒಪ್ಪಂದ ನಿಲ್ಲಲಿಲ್ಲ. ಆ ಸೋಲಿನ ಉಸಿರುಕಟ್ಟಿದ ಭಾವವೇ 1961ರ ‘ವಾನ್’ ಮತ್ತು 1963ರ ‘ಸಾಇನ್’ ಎಂಬ ಆತನ ವಿದ್ಯಾರ್ಥಿ ಚಿತ್ರಗಳ ತಳದಲ್ಲಿದೆ. ಆಮೇಲೆ ಕೋಜಿ ವಾಕಮಾತ್ಸುವಿನ ಜೊತೆ ಸೇರಿದ. ಈ ವಾಕಮಾತ್ಸುವಿನ ಒಂದು ಚಿತ್ರ 1965ರಲ್ಲಿ ಬರ್ಲಿನ್ ಚಿತ್ರೋತ್ಸವಕ್ಕೆ ಹೋದಾಗ ಅದನ್ನು ದೇಶಕ್ಕೇ ಅವಮಾನವೆಂದು ಜಪಾನಿನಲ್ಲಿ ಹುಯಿಲೆಬ್ಬಿಸಿದ್ದರು. ಆತ ಸ್ವಂತ ಸಂಸ್ಥೆ ಕಟ್ಟಿಕೊಂಡ, ಅದಾಚಿ ಆ ಸಂಸ್ಥೆಯ ಲೇಖನಿಯಾದ. ಓಶಿಮಾನ ‘ಗಲ್ಲು’ ಕುರಿತ 1968ರ ಪ್ರಸಿದ್ಧ ಚಿತ್ರದಲ್ಲಿ ನಟಿಸಿದ, ಮರುವರ್ಷ ಶಿಂಜುಕುವಿನ ಕಳ್ಳನ ಕುರಿತ ಚಿತ್ರಕ್ಕೆ ಬರೆಯುವುದರಲ್ಲಿ ಕೈಜೋಡಿಸಿದ.

ವಾಕಮಾತ್ಸುವಿನ ಸಂಸ್ಥೆಯಲ್ಲಿ ತಯಾರಾಗುತ್ತಿದ್ದದ್ದು ‘ಪಿಂಕ್’ ಚಿತ್ರಗಳು. ಅಂದರೆ ಅಗ್ಗದ ದುಡ್ಡಿನಲ್ಲಿ, ಕೆಲವೇ ದಿನಗಳಲ್ಲಿ ತೆಗೆದು ಮುಗಿಸುವ ಕಾಮದ ಚಿತ್ರಗಳು. ಬೇಕಾದಷ್ಟು ಬೆತ್ತಲೆ ಇದ್ದರೆ ಸಾಕು, ಉಳಿದ ಹೊತ್ತಿನಲ್ಲಿ ನಿರ್ದೇಶಕ ರಾಜಕೀಯವನ್ನಾದರೂ ಹೇಳಲಿ, ವೇದಾಂತವನ್ನಾದರೂ ಹೇಳಲಿ, ಕೇಳುವವರಿಲ್ಲ. ಅದಾಚಿ, ವಾಕಮಾತ್ಸು ಇಬ್ಬರೂ ಈ ಸಂದಿಯಲ್ಲಿ ನುಗ್ಗಿದರು. ಇದನ್ನು ಕಲ್ಟ್ ಭಕ್ತರು ದೊಡ್ಡ ಸಾಹಸವೆಂದು ಹಾಡಿ ಹೊಗಳುತ್ತಾರೆ. ಸಾಹಸವೇನೋ ಹೌದು. ಆದರೆ ಆ ಸಾಹಸದ ಬೆಲೆ ತೆತ್ತವರು ಯಾರು? ಪ್ರಭುತ್ವದ ಹಿಂಸೆಯನ್ನು ಹೇಳಬೇಕಾದಾಗಲೆಲ್ಲ ಒಂದು ಹೆಣ್ಣಿನ ಮೈಮೇಲೆ ಅತ್ಯಾಚಾರ ಮಾಡಿ ತೋರಿಸುವುದು, ಆಮೇಲೆ ಅದನ್ನು ‘ರೂಪಕ’ ಎನ್ನುವುದು! ಅದಾಚಿ ಬರೆದುಕೊಟ್ಟ ಚಿತ್ರಕತೆಗಳಲ್ಲಿ ಇಂಥವು ಒಂದೆರಡಲ್ಲ. ಟಿಕೇಟು ಕೊಂಡು ಕತ್ತಲಲ್ಲಿ ಕುಳಿತ ಗಂಡಸಿಗೆ ಕಂಡದ್ದು ರೂಪಕವೋ ಮೈಯೋ? ಮಂಟೋ ಅಶ್ಲೀಲತೆಯ ಆರೋಪ ಹೊತ್ತು ಮತ್ತೆ ಮತ್ತೆ ಕೋರ್ಟು ಹತ್ತಿದವನು. ಅವನನ್ನು ಉರ್ದುವಿನಲ್ಲೇ ಓದಿದ ನನ್ನಂಥ ಕತೆಗಾರನಿಗೆ ಬೆತ್ತಲೆಯ ಬಗ್ಗೆ ತಕರಾರಿಲ್ಲ. ಮಂಟೋವಿನ ಹೆಣ್ಣಿಗೆ ಹೆಸರಿದೆ, ಹಸಿವಿದೆ, ಸಿಟ್ಟಿದೆ. ಈ ಚಿತ್ರಗಳ ಎಷ್ಟೋ ಹೆಣ್ಣುಗಳಿಗೆ ನೋಯುವ ಕೆಲಸವೊಂದೇ. ಅದಾಚಿಯನ್ನು ಗೌರವಿಸುವವರು ಮೊದಲು ಈ ಮಾತನ್ನು ಒಪ್ಪಿಕೊಂಡು ಮುಂದೆ ಹೋಗಬೇಕು.

ಈಗ 1969ರ ಆ ಸಿನೆಮಾಕ್ಕೆ ಬರೋಣ. ಹೆಸರು ‘ರ್‍ಯಾಕುಶೋ: ರೆಂಝೋಕು ಶಾಸಾತ್ಸುಮಾ’. ‘ಸಂಕ್ಷಿಪ್ತ ಹೆಸರು: ಸರಣಿ ಗುಂಡೇಟಿನ ಹಂತಕ’ ಎಂದು ಹೇಳಬಹುದು. ಆ ಹೆಸರಿನಲ್ಲೇ ಒಂದು ಚುಚ್ಚು ಇದೆ. ಒಬ್ಬ ಮನುಷ್ಯನಿಗೆ ಪತ್ರಿಕೆಗಳು ಇಟ್ಟ ಚಿಕ್ಕ ಹೆಸರು ಅದು.

ಆ ಮನುಷ್ಯನ ಪೂರ್ತಿ ಹೆಸರು ನೊರಿಯೋ ನಗಯಾಮ. 1949ರಲ್ಲಿ ಹೊಕ್ಕೈದೋದ ಅಬಾಶಿರಿಯಲ್ಲಿ ಹುಟ್ಟಿದ. ಎಂಟು ಮಕ್ಕಳಲ್ಲಿ ಏಳನೆಯವನು. ಅಪ್ಪ ಜೂಜುಕೋರ. ಬದುಕಿನ ದಾರಿ ಕಾಣದ ತಾಯಿ ನಾಲ್ಕು ಮಕ್ಕಳನ್ನು ಚಳಿಗಾಲದ ಅಬಾಶಿರಿಯಲ್ಲೇ ಬಿಟ್ಟು ಅವೋಮೋರಿಯ ತನ್ನ ಊರಿಗೆ ಹೋದಳು. ಬಿಟ್ಟುಹೋದವರಲ್ಲಿ ಈ ಹುಡುಗನೂ ಒಬ್ಬ. 1965ರಲ್ಲಿ ಶಾಲೆ ಮುಗಿಸಿದ ಬಡ ಹುಡುಗರನ್ನು ಗುಂಪು ಗುಂಪಾಗಿ ರೈಲು ಹತ್ತಿಸಿ ನಗರದ ದುಡಿಮೆಗೆ ಕಳಿಸುವ ಪದ್ಧತಿಯಲ್ಲಿ ಟೋಕಿಯೋಗೆ ಬಂದು ಶಿಬುಯಾದ ಹಣ್ಣಿನಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿ ನಿಲ್ಲಲಿಲ್ಲ. ಕೆಲಸದಿಂದ ಕೆಲಸಕ್ಕೆ, ಊರಿಂದ ಊರಿಗೆ ಅಲೆದ. ಹಡಗಿನಲ್ಲಿ ಅಡಗಿ ಕುಳಿತು ದೇಶ ಬಿಟ್ಟು ಹೋಗಲು ಯತ್ನಿಸಿ ಸಿಕ್ಕಿಬಿದ್ದ. ಯೊಕೊಸುಕಾದ ಅಮೆರಿಕನ್ ನೌಕಾನೆಲೆಯಲ್ಲಿ ಒಂದು ಪಿಸ್ತೂಲು ಕದ್ದ. 1968ರ ಅಕ್ಟೋಬರ್-ನವೆಂಬರಿನಲ್ಲಿ ಟೋಕಿಯೋ, ಕ್ಯೋಟೋ, ಹಾಕೋದಾತೆ, ನಗೋಯಾ ನಗರಗಳಲ್ಲಿ ಆ ಪಿಸ್ತೂಲಿನಿಂದ ನಾಲ್ವರನ್ನು ಕೊಂದ. ಇಬ್ಬರು ಕಾವಲುಗಾರರು, ಇಬ್ಬರು ಟ್ಯಾಕ್ಸಿ ಚಾಲಕರು. ಆತನಂತೆಯೇ ದುಡಿದು ತಿನ್ನುವ ಜನ. 1969ರ ಏಪ್ರಿಲ್‌ನಲ್ಲಿ ಸೆರೆ ಸಿಕ್ಕಾಗ ಆತನಿಗೆ ಹತ್ತೊಂಬತ್ತು ವರ್ಷ.

ಇಂಥ ವಸ್ತು ಸಿಕ್ಕರೆ ಸಿನೆಮಾದವರು ಏನು ಮಾಡುತ್ತಾರೆ? ಪಿಸ್ತೂಲು, ರಕ್ತ, ಸೈರನ್, ಹುಚ್ಚು ಕಣ್ಣಿನ ನಟ. ಅದಾಚಿಯ ಬಳಗ ಇದಾವುದನ್ನೂ ಮಾಡಲಿಲ್ಲ. ವಿಮರ್ಶಕ ಮಸಾವೋ ಮಾತ್ಸುದಾ, ಚಿತ್ರಕತೆಗಾರ ಮಾಮೋರು ಸಾಸಾಕಿ ಮೊದಲಾದವರು ಅದಾಚಿಯ ಜೊತೆಗೂಡಿ ಆ ಹುಡುಗ ಹುಟ್ಟಿದ ಊರಿನಿಂದ ಸೆರೆ ಸಿಕ್ಕ ಜಾಗದವರೆಗೆ ಆತ ಅಲೆದ ದಾರಿಯಲ್ಲೇ ಅಲೆದರು. ಆತ ಏನನ್ನು ನೋಡಿರಬಹುದೋ ಅದನ್ನು ಮಾತ್ರ ಚಿತ್ರಿಸಿದರು. ರೈಲು ನಿಲ್ದಾಣ, ಬಂದರು, ಗದ್ದೆ, ಶಾಲೆ, ಬಂದೀಖಾನೆಯ ಗೋಡೆ, ಅಂಗಡಿಸಾಲು, ಹೆದ್ದಾರಿ, ಬಟ್ಟೆ ಒಣಹಾಕಿದ ಬಾಡಿಗೆ ಮನೆಗಳು, ನಡೆಯುತ್ತಿರುವ ಜನ. ಸುಮಾರು ಒಂದೂವರೆ ಗಂಟೆ ಇಷ್ಟೇ. ಹಂತಕನ ಮುಖ ಇಲ್ಲ. ಕೊಲೆ ಇಲ್ಲ. ಸಂದರ್ಶನ ಇಲ್ಲ. ಆಗೊಮ್ಮೆ ಈಗೊಮ್ಮೆ ಒಂದು ಧ್ವನಿ, ಇಂಥ ವರ್ಷ ಇಂಥಲ್ಲಿ ಇದ್ದ ಎಂದು ಒಣದಾಗಿ ಹೇಳಿ ಸುಮ್ಮನಾಗುತ್ತದೆ. ಹಿನ್ನೆಲೆಯಲ್ಲಿ ಮೊತೊತೆರು ತಕಾಗಿಯ ಸ್ಯಾಕ್ಸೋಫೋನ್, ಮಸಾಹಿಕೋ ತೊಗಾಶಿಯ ಡ್ರಮ್ಸ್.

ನೋಡುತ್ತ ಹೋದಂತೆ ಒಂದು ವಿಷಯ ನಿಮ್ಮನ್ನು ಹಿಡಿದುಕೊಳ್ಳುತ್ತದೆ. ಹುಡುಗ ಸಾವಿರಾರು ಮೈಲಿ ಓಡಿದ್ದಾನೆ, ಆದರೆ ಎಲ್ಲಿಗೂ ತಲುಪಿಲ್ಲ. ಹೋದಲ್ಲೆಲ್ಲ ಅದೇ ರಸ್ತೆ, ಅದೇ ಜಾಹೀರಾತು, ಅದೇ ಕಾಂಕ್ರೀಟು. ಊರಿನ ಗುರುತು ಅಳಿಸಿಹೋಗಿ ದೇಶವೆಲ್ಲ ಒಂದೇ ಅಚ್ಚಿನದಾಗಿದೆ. ಮಾತ್ಸುದಾ, ಛಾಯಾಗ್ರಾಹಕ ತಕುಮಾ ನಕಾಹಿರಾ ಮುಂತಾದವರು ಇದಕ್ಕೆ ‘ಫೂಕೆಇರೋನ್’, ಅಂದರೆ ಭೂದೃಶ್ಯದ ಸಿದ್ಧಾಂತ ಎಂದು ಹೆಸರಿಟ್ಟು ಚರ್ಚೆ ನಡೆಸಿದರು. ಸಿದ್ಧಾಂತದ ಭಾರ ಇಳಿಸಿ ಹೇಳುವುದಾದರೆ ಇಷ್ಟೇ: ಅಧಿಕಾರ ಎನ್ನುವುದು ಪೊಲೀಸನ ಲಾಠಿಯಲ್ಲಿ ಮಾತ್ರ ಇಲ್ಲ. ನೀವು ದಿನಾ ನಡೆಯುವ ಬೀದಿಯನ್ನು ಯಾರು ಯಾರಿಗಾಗಿ ಕಟ್ಟಿದರು ಎನ್ನುವುದರಲ್ಲೂ ಅದು ಇದೆ. ಯಾರೂ ಹೊಡೆಯದೆಯೂ ಒಬ್ಬನನ್ನು ಒಂದು ಊರು ಹೊರಗೆ ನಿಲ್ಲಿಸಬಲ್ಲದು. ಅಮೆರಿಕನ್ ನೆಲೆಯ ಬೇಲಿಯಾಚೆ ಒಂದು ಪಿಸ್ತೂಲು ಇಟ್ಟದ್ದು ಈ ಹುಡುಗನೇನಲ್ಲವಲ್ಲ.

ತಕ್ಷಣ ಏಳುವ ಪ್ರಶ್ನೆ ನನಗೆ ಗೊತ್ತಿದೆ. ಹಾಗಾದರೆ ಕೊಂದವನು ಹುಡುಗನಲ್ಲ, ರಸ್ತೆಯೋ? ನಾಲ್ಕು ಹೆಣಗಳಿಗೆ ಕಾಂಕ್ರೀಟು ಉತ್ತರ ಕೊಡಬೇಕೋ? ಈ ಪ್ರಶ್ನೆ ಕೇಳುವವರು ಸಿನೆಮಾವನ್ನು ಕೋರ್ಟು ಎಂದು ತಿಳಿದಿದ್ದಾರೆ. ಕೋರ್ಟಿನ ಕೆಲಸ ಕೋರ್ಟು ಮಾಡಿತು. ನಗಯಾಮನಿಗೆ 1979ರಲ್ಲಿ ಗಲ್ಲು, 1981ರಲ್ಲಿ ಜೀವಾವಧಿ. 1983ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. 1990ರಲ್ಲಿ ಗಲ್ಲು ಖಾಯಂ ಆಗಿ 1997ರ ಆಗಸ್ಟ್ 1ರಂದು ನೇಣಿಗೇರಿಸಿದರು. ಕಾರಣ ಹುಡುಕುವುದು ಕ್ಷಮಿಸುವುದಲ್ಲ. ಸಕ್ಕರೆ ಕಾಯಿಲೆಗೆ ಕಾರಣ ಹೇಳಿದ ವೈದ್ಯ ಕಾಯಿಲೆಯ ವಕೀಲನಾಗುತ್ತಾನೆಯೆ? ನಾನು ಈ ಸಿನೆಮಾದ ಮೇಲೆ ಹೊರಿಸುವ ದೂರೇ ಬೇರೆ. ಸತ್ತ ನಾಲ್ವರಿಗೂ ಒಂದೊಂದು ಭೂದೃಶ್ಯವಿತ್ತು. ರಾತ್ರಿ ಪಾಳಿಯ ಕಾವಲುಗಾರ ಮನೆಗೆ ಮರಳುವ ದಾರಿ, ಟ್ಯಾಕ್ಸಿ ಚಾಲಕನ ಹೆಂಡತಿ ಬಾಗಿಲಲ್ಲಿ ನಿಂತು ನೋಡುವ ಬೀದಿ. ಆ ದಾರಿಗಳಿಗೆ ಕ್ಯಾಮರಾ ಹೋಗಲಿಲ್ಲ. ಕೊಂದವನ ಕಣ್ಣಿನಿಂದ ನೋಡಲು ಧೈರ್ಯ ಬೇಕು, ನಿಜ. ಸತ್ತವನ ಕಣ್ಣಿನಿಂದ ನೋಡಲು ಇನ್ನೂ ಹೆಚ್ಚಿನದೇನೋ ಬೇಕು. ಈ ಕೊರತೆಯನ್ನು ನೆನಪಿಡಿ, ಮುಂದೆ ಇದೇ ದೊಡ್ಡದಾಗುತ್ತದೆ.

ಆಶ್ಚರ್ಯದ ಮಾತೆಂದರೆ ಆ ಕೆಲಸವನ್ನು ಒಂದಿಷ್ಟಾದರೂ ಮಾಡಲು ಯತ್ನಿಸಿದವನು ನಗಯಾಮನೇ. ಸೆರೆಮನೆಯಲ್ಲಿ ಓದಿದ, ಬರೆದ. 1971ರಲ್ಲಿ ಅಜ್ಞಾನದ ಕಣ್ಣೀರನ್ನು ಕುರಿತ ಆತನ ಟಿಪ್ಪಣಿಗಳು ಪುಸ್ತಕವಾಗಿ ಬಂದವು. 1983ರಲ್ಲಿ ‘ಕಿಬಾಶಿ’ ಎಂಬ ಕೃತಿಗೆ ಸಾಹಿತ್ಯ ಪ್ರಶಸ್ತಿಯೂ ಬಂತು. ಬಂದ ಗೌರವಧನವನ್ನು ಸತ್ತವರ ಕುಟುಂಬಗಳಿಗೆ ಕಳುಹಿಸಲು ನೋಡಿದ, ಕೊನೆಗೆ ಉಳಿದದ್ದು ಪೆರುವಿನ ಬಡ ಮಕ್ಕಳಿಗೆ ಸಲ್ಲಲಿ ಎಂದ. ಜಪಾನಿನ ಲೇಖಕರ ಸಂಘಕ್ಕೆ ಸದಸ್ಯತ್ವ ಕೇಳಿದಾಗ ಕೊಲೆಗಾರನಿಗೆ ಜಾಗವಿಲ್ಲವೆಂದು 1990ರಲ್ಲಿ ಬಾಗಿಲು ಮುಚ್ಚಿದರು. ಅದನ್ನು ಪ್ರತಿಭಟಿಸಿ ಕೆಂಜಿ ನಕಗಾಮಿ, ಯಸುತಾಕಾ ತ್ಸುತ್ಸುಯಿ, ಕೋಜಿನ್ ಕರತಾನಿಯಂಥ ಬರಹಗಾರರು ಸಂಘದಿಂದ ಹೊರನಡೆದರು. 1969ರಲ್ಲಿ ಪತ್ರಿಕೆಗಳು ಕೊಟ್ಟ ಚಿಕ್ಕ ಹೆಸರನ್ನು ಇಪ್ಪತ್ತೊಂದು ವರ್ಷದ ಬಳಿಕ ಸಾಹಿತಿಗಳೂ ಅನುಮೋದಿಸಿದ್ದರು. ಅದಾಚಿಯ ಸಿನೆಮಾ ಯಾರ ವಿರುದ್ಧ ಎಂದು ಕೇಳುವವರಿಗೆ ಇಷ್ಟು ಉತ್ತರ ಸಾಕು.

ಸಿನೆಮಾ ಸಾರ್ವಜನಿಕರ ಮುಂದೆ ಬಂದದ್ದು 1975ರಲ್ಲಿ. ಅಷ್ಟರಲ್ಲಿ ಮಾಡಿದವನೇ ದೇಶದಲ್ಲಿರಲಿಲ್ಲ.

1971ರಲ್ಲಿ ಕಾನ್ ಚಿತ್ರೋತ್ಸವದಿಂದ ಮರಳುವ ದಾರಿಯಲ್ಲಿ ವಾಕಮಾತ್ಸು ಮತ್ತು ಅದಾಚಿ ಬೈರೂತಿನಲ್ಲಿ ಇಳಿದರು. ಫೆಲೆಸ್ತೀನ್ ವಿಮೋಚನೆಯ ಜನತಾ ರಂಗದ ಶಿಬಿರಗಳನ್ನು ಚಿತ್ರಿಸಿದರು. ಲೈಲಾ ಖಾಲಿದ್, ಫುಸಾಕೋ ಶಿಗೆನೋಬು ಮಾತಾಡುತ್ತಾರೆ. ‘ಕೆಂಪು ಸೇನೆ–ಪಿಎಫ್‌ಎಲ್‌ಪಿ: ವಿಶ್ವಯುದ್ಧ ಘೋಷಣೆ’ ಎಂಬ ಆ ಚಿತ್ರವನ್ನು ಕೆಂಪು ಬಣ್ಣ ಬಳಿದ ಬಸ್ಸಿನಲ್ಲಿ ಹೇರಿಕೊಂಡು ಜಪಾನಿನ ಊರೂರು ಸುತ್ತಿ ತೋರಿಸಿದರು. ಚಿತ್ರದ ಮೊದಲ ಮಾತು ಕೇಳಿ ನಿರಾಶ್ರಿತರ ಶಿಬಿರದ ಬದುಕನ್ನು ನಿಧಾನವಾಗಿ ನೋಡಬಹುದೆಂದು ಆಸೆಪಟ್ಟರೆ ಆಸೆ ಪೂರ್ತಿ ಈಡೇರುವುದಿಲ್ಲ. ದೃಶ್ಯಗಳು ಮೌನವಾಗಿರಲು ಬಿಡದೆ ಮೇಲಿಂದ ಭಾಷಣ ಸುರಿಯುತ್ತದೆ. ಶಸ್ತ್ರ ಹಿಡಿದ ಹೋರಾಟವೇ ಎಲ್ಲಕ್ಕಿಂತ ಒಳ್ಳೆಯ ಪ್ರಚಾರ ಎಂಬ ಅರ್ಥದ ಘೋಷಣೆ ಪದೇ ಪದೇ ಬಡಿಯುತ್ತದೆ. ಎರಡು ವರ್ಷದ ಹಿಂದೆ ಒಂದು ಬೀದಿಯನ್ನು ಸುಮ್ಮನೆ ತೋರಿಸಿ ನಮ್ಮನ್ನು ಯೋಚಿಸಲು ಬಿಟ್ಟವನು ಈಗ ಯೋಚಿಸುವ ಕೆಲಸವನ್ನು ತಾನೇ ಮುಗಿಸಿಕೊಟ್ಟಿದ್ದಾನೆ.

ಮರುವರ್ಷ, 1972ರ ಮೇ 30ರಂದು, ಅದೇ ಜನತಾ ರಂಗದ ಪರವಾಗಿ ಮೂವರು ಜಪಾನೀ ಯುವಕರು ಲೋದ್ ವಿಮಾನ ನಿಲ್ದಾಣದಲ್ಲಿ ಗುಂಡು ಹಾರಿಸಿ, ಗ್ರೆನೇಡ್ ಎಸೆದು ಇಪ್ಪತ್ತಾರು ಜನರನ್ನು ಕೊಂದರು. ಸತ್ತವರಲ್ಲಿ ಹದಿನೇಳು ಮಂದಿ ಪೋರ್ಟೊರಿಕೋದಿಂದ ಪವಿತ್ರ ಭೂಮಿಯ ಯಾತ್ರೆಗೆ ಬಂದ ಕ್ರೈಸ್ತರು. ಯಾತ್ರೆಗೆ ಹೊರಟವರ ಪೆಟ್ಟಿಗೆಯಲ್ಲಿ ಏನಿರುತ್ತದೆ, ಎದೆಯಲ್ಲಿ ಏನಿರುತ್ತದೆ ಎಂದು ಹಜ್ಜ್‌ಗೆ ಹಿರಿಯರನ್ನು ಬೀಳ್ಕೊಟ್ಟ ಯಾವ ಮನೆಗೂ ಹೇಳಿಕೊಡಬೇಕಾಗಿಲ್ಲ. ಇದಾದ ಎರಡು ವರ್ಷಕ್ಕೆ, 1974ರಲ್ಲಿ, ಅದಾಚಿ ಲೆಬನಾನಿಗೆ ಹೋಗಿ ಕೆಂಪು ಸೇನೆಯನ್ನು ಸೇರಿದ. ಗೊತ್ತಿಲ್ಲದೆ ಹೋದನೆಂದು ಯಾರೂ ವಾದಿಸುವಂತಿಲ್ಲ. ಅದೇ ಸೇನೆ 1977ರ ಸೆಪ್ಟೆಂಬರಿನಲ್ಲಿ ಮುಂಬಯಿಯಿಂದ ಹೊರಟ ಜಪಾನಿನ ವಿಮಾನವನ್ನು ಅಪಹರಿಸಿ ಢಾಕಾದಲ್ಲಿ ಇಳಿಸಿ, ಅರವತ್ತು ಲಕ್ಷ ಡಾಲರನ್ನೂ ಕೈದಿಗಳ ಬಿಡುಗಡೆಯನ್ನೂ ಪಡೆಯಿತು.

ಇಲ್ಲಿ ನಮ್ಮ ನಡುವಿನ ಮೂರನೆಯ ಪಂಗಡದವರೊಡನೆ ಒಂದು ಮಾತು ಆಡಲೇಬೇಕು. ಫೆಲೆಸ್ತೀನಿನ ಜನರಿಗಾದ ಅನ್ಯಾಯಕ್ಕೆ ಸಾಕ್ಷಿ ಬೇಕಾಗಿಲ್ಲ. 1948ರಿಂದ ಇಂದಿನ ಗಾಝಾದ ಅವಶೇಷಗಳವರೆಗೆ ಅದು ಕಣ್ಣಮುಂದೆಯೇ ಇದೆ. ಆ ನ್ಯಾಯದ ಪರ ನಿಲ್ಲುವುದಕ್ಕೆ ಪೋರ್ಟೊರಿಕೋದ ಯಾತ್ರಿಕರ ಹೆಣ ದಾಟಿ ನಿಲ್ಲಬೇಕಾಗಿಲ್ಲ. ದೂರದ ಜಪಾನಿನವನೊಬ್ಬ ನಮ್ಮ ನೋವಿಗೆ ಮಿಡಿದನೆಂದು ನಮಗೆ ಖುಷಿಯಾಗುವುದು ಸಹಜ. ಆ ಖುಷಿಯಲ್ಲಿ ಆತನ ಸಂಘಟನೆಯ ಕೈಗೆ ಅಂಟಿದ ರಕ್ತವನ್ನು ಕಾಣದಂತೆ ನಟಿಸಿದರೆ, ನಮ್ಮ ಮಕ್ಕಳ ಮುಖಕ್ಕೆ ಹಣೆಪಟ್ಟಿ ಹಚ್ಚುವವರನ್ನು ಯಾವ ಬಾಯಿಂದ ಪ್ರಶ್ನಿಸುತ್ತೇವೆ? ಇನ್ಸಾಫ್‌ಗೆ ಎರಡು ತಕ್ಕಡಿ ಇರುವುದಿಲ್ಲ.

ಗೊಡಾರ್ಡ್ ಕೂಡ 1970ರಲ್ಲಿ ಫೆಲೆಸ್ತೀನೀ ಹೋರಾಟಗಾರರನ್ನು ಚಿತ್ರಿಸಲು ಹೋಗಿದ್ದ. ಆತ ಚಿತ್ರಿಸಿದವರಲ್ಲಿ ಹಲವರು ಜೋರ್ಡಾನಿನಲ್ಲಿ ಸತ್ತರು. ಉಳಿದ ರೀಲುಗಳನ್ನು ಎದುರಿಗಿಟ್ಟುಕೊಂಡು, ನಾನು ನಿಜಕ್ಕೂ ಇವರ ಮಾತು ಕೇಳಿಸಿಕೊಂಡೆನೆ ಎಂದು ತನ್ನನ್ನೇ ಪ್ರಶ್ನಿಸುವ ಚಿತ್ರವನ್ನು ಆನ್-ಮರೀ ಮಿಯೆವಿಲ್ ಜೊತೆ 1976ರಲ್ಲಿ ಹೊರತಂದ. ಆ ಪ್ರಶ್ನೆಯನ್ನು ಕೇಳಿಕೊಳ್ಳಲು ಗೊಡಾರ್ಡ್‌ಗಿಂತ ಹೆಚ್ಚು ಯೋಗ್ಯತೆ ಇದ್ದವನು ಅದಾಚಿ. ಆತನ ಕೈಯಲ್ಲಿ 1969ರ ಕಣ್ಣು ಇತ್ತು. ಅದನ್ನು ಆತ ಸಂಘಟನೆಗೆ ಒಪ್ಪಿಸಿಬಿಟ್ಟ. ಲೆಬನಾನಿನಲ್ಲಿದ್ದಾಗಲೂ ಆತ ಚಿತ್ರಿಸಿದ್ದು ಸುಳ್ಳಲ್ಲ. ಆದರೆ ಆ ರೀಲುಗಳು ಬೈರೂತಿನ ಬಾಂಬ್ ದಾಳಿಗಳಲ್ಲಿ ಸುಟ್ಟುಹೋದವು. ಇಪ್ಪತ್ತೇಳು ವರ್ಷ ಆತನಿಂದ ಜಗತ್ತಿಗೆ ಒಂದು ಚಿತ್ರವೂ ಸಿಗಲಿಲ್ಲ. ಶಾತಿಲಾದ ಓಣಿಗಳನ್ನು, ತಲೆಮಾರುಗಳಿಂದ ಶಿಬಿರದಲ್ಲೇ ಹುಟ್ಟಿ ಶಿಬಿರದಲ್ಲೇ ಸಾಯುವವರ ಬೀದಿಯನ್ನು ಅಬಾಶಿರಿಯ ಬೀದಿಯಂತೆ ತಾಳ್ಮೆಯಿಂದ ತೋರಿಸಿದ್ದರೆ? ಫೆಲೆಸ್ತೀನಿಗೆ ಅದಾಚಿ ಕೊಡಬಹುದಾಗಿದ್ದ ಅತಿ ದೊಡ್ಡ ಕಾಣಿಕೆ ಅದೇ ಆಗಿತ್ತು. ಬಂದೂಕು ಹಿಡಿಯಲು ಅಲ್ಲಿ ಸಾವಿರ ಜನರಿದ್ದರು. ಹಾಗೆ ನೋಡಬಲ್ಲವನು ಒಬ್ಬನೇ ಇದ್ದ.

1997ರಲ್ಲಿ ಲೆಬನಾನಿನಲ್ಲಿ ಸೆರೆಯಾಗಿ, ಖೋಟಾ ಪಾಸ್‌ಪೋರ್ಟಿನ ಪ್ರಕರಣದಲ್ಲಿ ಮೂರು ವರ್ಷ ಜೈಲಿನಲ್ಲಿದ್ದು, 2000ದ ಮಾರ್ಚಿನಲ್ಲಿ ಜಪಾನಿಗೆ ಗಡೀಪಾರಾದ. ಬಿಡುಗಡೆಯಾದ ಮೇಲೂ ದೇಶ ಬಿಟ್ಟು ಹೋಗಲು ಪಾಸ್‌ಪೋರ್ಟ್ ಸಿಗಲಿಲ್ಲ. ಆಗ ನಡೆದ ಒಂದು ಘಟನೆ ಆತನ ಬದುಕಿನ ಅತಿ ಅರ್ಥಪೂರ್ಣ ಅಧ್ಯಾಯವೆಂದು ನನಗೆ ಅನ್ನಿಸುತ್ತದೆ. ಎರಿಕ್ ಬೋಡಲೇರ್ ಎಂಬ ಕಲಾವಿದ ಸಂದರ್ಶನಕ್ಕೆ ಬಂದಾಗ, ನಾನು ಹೋಗಲಾರದ ಬೈರೂತಿನ ದೃಶ್ಯಗಳನ್ನು ನನಗಾಗಿ ಚಿತ್ರಿಸಿಕೊಂಡು ಬಾ ಎಂದು ಅದಾಚಿ ಕೇಳಿದ. ಬೋಡಲೇರ್‌ನ 2011ರ ಚಿತ್ರದಲ್ಲಿ ಟೋಕಿಯೋ ಮತ್ತು ಬೈರೂತಿನ ಬೀದಿಗಳಿವೆ, ಅವುಗಳ ಮೇಲೆ ಅದಾಚಿಯ ಧ್ವನಿಯಿದೆ, ಫುಸಾಕೋಳ ಮಗಳು ಮೇಯ್‌ಳ ಧ್ವನಿಯಿದೆ. ನಗಯಾಮನಿಗೆ ಆತ ಕೊಟ್ಟ ಗೌರವವನ್ನು ನಲವತ್ತೆರಡು ವರ್ಷದ ನಂತರ ಇನ್ನೊಬ್ಬ ಆತನಿಗೆ ಕೊಟ್ಟ. ಹಣೆಪಟ್ಟಿ ತೆಗೆದು ನೆಲವನ್ನು ತೋರಿಸಿದ.

ಆದರೆ ಅದಾಚಿ ತಾನೇ ಮರಳಿ ಆ ದಾರಿಗೆ ಬಂದನೆ? 2007ರಲ್ಲಿ ಲೋದ್ ದಾಳಿಯಲ್ಲಿ ಬದುಕುಳಿದ ಕೋಝೋ ಒಕಾಮೊತೋನ ಬದುಕನ್ನು ಆಧರಿಸಿ ‘ಯೂಹೆಇಶಾ’ ಮಾಡಿದ. ಸೆರೆಮನೆಯಲ್ಲಿ ಆತನಿಗಾದ ಚಿತ್ರಹಿಂಸೆ ಅದರ ತುಂಬ ಇದೆ. ವಿಮಾನ ನಿಲ್ದಾಣದ ಯಾತ್ರಿಕರು ಮತ್ತೆ ಚೌಕಟ್ಟಿನ ಅಂಚಿನಲ್ಲೇ ಉಳಿಯುತ್ತಾರೆ. 1969ರ ಕೊರತೆ ಹೀಗೆ ಬೆಳೆಯಿತು. 2022ರ ಜುಲೈ 8ರಂದು ನಾರಾ ನಗರದಲ್ಲಿ ಮಾಜಿ ಪ್ರಧಾನಿ ಶಿಂಝೋ ಅಬೆಯ ಹತ್ಯೆಯಾಯಿತು. ಕೊಂದವನ ತಾಯಿ ಯೂನಿಫಿಕೇಶನ್ ಚರ್ಚಿಗೆ ಸುಮಾರು ಹತ್ತು ಕೋಟಿ ಯೆನ್ ಸುರಿದು ಮನೆ ಮುಳುಗಿಸಿದ್ದಳು. ಎಂಬತ್ಮೂರರ ಅದಾಚಿ ಆ ಸೆಪ್ಟೆಂಬರಿನಲ್ಲಿ, ಅಬೆಯ ಸರಕಾರಿ ಅಂತ್ಯಕ್ರಿಯೆಯ ಹೊತ್ತಿಗೇ ‘ರೆವಲ್ಯೂಶನ್+1’ ಚಿತ್ರದ ಮೊದಲ ರೂಪವನ್ನು ತೋರಿಸಿದ. ಗದ್ದಲವಾಯಿತು. ಇಂಥ ಚಿತ್ರ ಮಾಡಬಾರದಿತ್ತು ಎಂದವರ ಜೊತೆ ನಾನಿಲ್ಲ. ಆ ಹತ್ಯೆಯ ಹಿಂದಿನ ನೆಲವನ್ನು ನೋಡದೆ ವಿಧಿಯಿರಲಿಲ್ಲ. 2025ರ ಮಾರ್ಚಿನಲ್ಲಿ ಟೋಕಿಯೋದ ನ್ಯಾಯಾಲಯವೇ ಆ ಚರ್ಚಿನ ವಿಸರ್ಜನೆಗೆ ಆದೇಶ ಕೊಟ್ಟಿತು. ನನ್ನ ತಕರಾರು, ಆತ ನೆಲವನ್ನು ಸಾಕಷ್ಟು ನೋಡಲಿಲ್ಲ ಎಂಬುದು. ಈ ಸಲ ಕ್ಯಾಮರಾ ಹಂತಕನ ಮುಖ ಬಿಟ್ಟು ಕದಲುವುದಿಲ್ಲ. ಆತನ ಕಣ್ಣೀರು, ಆತನ ಸ್ವಗತ, ಆತನ ಕನಸು. ಮುಖ ತೋರಿಸದೆ ನಮ್ಮನ್ನು ನಡುಗಿಸಿದವನು ಮುಖ ತೋರಿಸಿ ನಮ್ಮ ಕನಿಕರ ಕೇಳುತ್ತಿದ್ದಾನೆ.

ಹಾಗಾಗಿ ಅದಾಚಿಯನ್ನು ಅದಾಚಿಯ ವಿರುದ್ಧವೇ ಉಳಿಸಿಕೊಳ್ಳಬೇಕಾಗಿದೆ. ಭಯೋತ್ಪಾದಕ ಎಂದು ಮುಖ ತಿರುಗಿಸುವವರಿಗೆ ನನ್ನ ಮಾತು: 1969ರ ಆ ಒಂದೂವರೆ ಗಂಟೆ ನೋಡಿ, ಅದರಲ್ಲಿ ಯಾವ ಬಂದೂಕೂ ಹಾರುವುದಿಲ್ಲ. ಕಲ್ಟ್ ಎಂದು ಕುಣಿಯುವವರಿಗೆ: ಜೈಲು, ಗಡೀಪಾರು, ಸುಟ್ಟ ರೀಲು ಇವು ಒಬ್ಬನ ಕಲೆಗೆ ಸಿಗುವ ಪದಕಗಳಲ್ಲ. ನಮ್ಮವನೆಂದು ಅಪ್ಪಿಕೊಳ್ಳುವವರಿಗೆ: ಅಪ್ಪಿಕೊಳ್ಳಿ, ಆದರೆ ಲೋದ್‌ನ ಲೆಕ್ಕ ಕೇಳಿಯೇ ಅಪ್ಪಿಕೊಳ್ಳಿ.

ಒಂದು ಹತ್ಯೆಯಾದ ಮರುದಿನ ಪತ್ರಿಕೆ ಬಿಡಿಸಿದರೆ ಎದುರಾಗುವುದು ಒಂದು ಭಾವಚಿತ್ರ, ಒಂದು ಹೆಸರು. ಆ ಹೆಸರಿನ ಮೇಲೇ ತೀರ್ಪು. ಆ ಭಾವಚಿತ್ರವನ್ನು ಬದಿಗೆ ಸರಿಸಿ, ಇವನು ನಡೆದು ಬಂದ ಬೀದಿ ಯಾವುದು, ಸತ್ತವನು ನಡೆದು ಹೋಗುತ್ತಿದ್ದ ಬೀದಿ ಯಾವುದು ಎಂದು ಕೇಳುವವರು ಎಲ್ಲ ದೇಶದಲ್ಲೂ ಕಡಿಮೆ. ಮೊದಲ ಪ್ರಶ್ನೆಯನ್ನು ಅದಾಚಿ ಕೇಳಿದ. ಎರಡನೆಯದನ್ನು ಕೇಳದೆ ಬಿಟ್ಟ. ಅದನ್ನು ಕೇಳುವ ಸಿನೆಮಾ ಇನ್ನು ಯಾರಾದರೂ ಮಾಡಬೇಕಷ್ಟೆ.